ನಮಸ್ಕರಿಸುವ ಪಾದವನ್ನು ನೋಡಲೂ ಕಲಿಯೋಣ



ಹಿರಿಯರ ಪಾದ ಮುಟ್ಟಿ ನಮಸ್ಕರಿಸುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಆಚಾರ. ಹಬ್ಬದ ದಿನ, ಪರೀಕ್ಷೆಗೆ ಹೊರಡುವ ದಿನ, ಊರಿಂದ ಬಂದ ದಿನ ಮಕ್ಕಳು ಅಜ್ಜ ಅಜ್ಜಿಯರ ಕಾಲಿಗೆ ಎರಗುತ್ತಾರೆ. ಆದರೆ ಆ ಪಾದದ ಬೆರಳ ಸಂದಿಯಲ್ಲಿ ಬಿರುಕು ಇದೆಯೇ, ಹಿಮ್ಮಡಿ ಒಡೆದಿದೆಯೇ, ಒಂದು ಕಾಲು ಇನ್ನೊಂದಕ್ಕಿಂತ ಊದಿದೆಯೇ ಎಂದು ಕೇಳಿದರೆ ಹೇಳಬಲ್ಲವರು ವಿರಳ. ಕೈ ಮುಟ್ಟಿರುತ್ತದೆ, ಕಣ್ಣು ಕಂಡಿರುವುದಿಲ್ಲ. ಎದುರಿಗೇ ಇರುವುದನ್ನು ಕಾಣುವುದು ಒಂದು ವಿದ್ಯೆ. ಆ ವಿದ್ಯೆಯನ್ನು ಪಾದದಿಂದಲೇ ಆರಂಭಿಸಬೇಕೆಂಬುದು ಈ ತಿಂಗಳ ನಮ್ಮ ವಿಜ್ಞಾಪನೆ.

ಆಯುರ್ವೇದವು ರೋಗಿಯನ್ನು ಅರಿಯಲು ಮೂರು ಮಾರ್ಗಗಳನ್ನು ಹೇಳಿದೆ: ದರ್ಶನ, ಸ್ಪರ್ಶನ, ಪ್ರಶ್ನ. ಅಂದರೆ ನೋಡುವುದು, ಮುಟ್ಟುವುದು, ಕೇಳುವುದು. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಮೊದಲ ಅಧ್ಯಾಯದಲ್ಲಿಯೇ ಇದನ್ನು ಇಟ್ಟಿದ್ದಾರೆ. ಕಣ್ಣಿಗೆ ಬಿದ್ದದ್ದೆಲ್ಲವೂ ದರ್ಶನವಲ್ಲ. ನಿನ್ನೆ ಹೇಗಿತ್ತು, ಇಂದು ಹೇಗಿದೆ ಎಂದು ಹೋಲಿಸಿ ನೋಡಿದಾಗ ಮಾತ್ರ ಅದು ದರ್ಶನವೆನಿಸುತ್ತದೆ. ನಿತ್ಯ ಕಾಣುವ ವಸ್ತುವನ್ನು ನಾವು ಹೋಲಿಸುವುದಿಲ್ಲ, ಗೊತ್ತಿದೆಯೆಂದು ಬಿಟ್ಟುಬಿಡುತ್ತೇವೆ. ದಿನಕ್ಕೆ ಎಳ್ಳಿನಷ್ಟು ಬದಲಾಗುವ ದೇಹದ ವಿಷಯದಲ್ಲಿ ಈ ಅಸಡ್ಡೆಗೆ ತೆರುವ ಬೆಲೆ ದೊಡ್ಡದು.

ಸಕ್ಕರೆ ಕಾಯಿಲೆಯಲ್ಲಿ ಇದು ಸ್ಪಷ್ಟವಾಗಿ ತೋರುತ್ತದೆ. ಚರಕ ಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳನ್ನು, ಎಂದರೆ ರೋಗ ಬಲಿಯುವ ಮುನ್ನ ತೋರುವ ಚಿಹ್ನೆಗಳನ್ನು ಹೇಳುವಾಗ, ಬಾಯಿ ಸಿಹಿಯಾಗುವುದು, ಬಾಯಾರಿಕೆ, ಆಲಸ್ಯ, ಮೂತ್ರಕ್ಕೆ ಇರುವೆ ಮುತ್ತುವುದು ಇವುಗಳೊಂದಿಗೆ ಕೈಕಾಲುಗಳ ಉರಿ ಮತ್ತು ಸ್ಪರ್ಶಜ್ಞಾನ ಕುಂದುವುದನ್ನೂ ಎಣಿಸಲಾಗಿದೆ. ಇಂದಿನ ವೈದ್ಯಶಾಸ್ತ್ರ ಇದರ ಕಾರಣವನ್ನು ವಿವರಿಸಿದೆ. ರಕ್ತದಲ್ಲಿ ಬಹುಕಾಲ ಸಕ್ಕರೆ ಹೆಚ್ಚಿದ್ದರೆ ನರಗಳು ಹಾಳಾಗುತ್ತವೆ. ಅತಿ ಉದ್ದವಾದ ನರಗಳು ಮೊದಲು ಸೋಲುವುದರಿಂದ ಜೋಮು ಕಾಲ್ಬೆರಳುಗಳಲ್ಲಿ ಆರಂಭವಾಗಿ ಮೇಲಕ್ಕೆ ಏರುತ್ತದೆ. ಜೊತೆಗೆ ಕಾಲಿನ ರಕ್ತನಾಳಗಳೂ ಕಿರಿದಾಗುವುದರಿಂದ ಗಾಯ ಬೇಗ ಮಾಯುವುದಿಲ್ಲ.

ನಮ್ಮ ಭಾಗದ ಹೊಲಗಳಲ್ಲಿ ನೆಗ್ಗಿಲು ಮುಳ್ಳು ಇಲ್ಲದ ಬದು ಇಲ್ಲ. ಆಯುರ್ವೇದದಲ್ಲಿ ಇದೇ ಗೋಕ್ಷುರ. ದಶಮೂಲಗಳಲ್ಲಿ ಒಂದಾಗಿ ಮೂತ್ರವಿಕಾರಗಳಿಗೆ ಬಳಕೆಯಾಗುವ ಈ ಮೂಲಿಕೆಯನ್ನು ನಾವು ದಿನವೂ ತುಳಿದು ನಡೆಯುತ್ತೇವೆ. ಔಷಧಿಯೇ ಕಾಲಡಿಯಲ್ಲಿದ್ದರೂ ಕಾಣದವರು ನಾವು. ಆದರೆ ಅದಕ್ಕಿಂತ ಮುಖ್ಯವಾದುದು ಬೇರೆ ಇದೆ. ನೆಗ್ಗಿಲು ಚುಚ್ಚಿದರೆ ‘ಅಯ್ಯೋ’ ಎನ್ನುವವನು ಭಾಗ್ಯವಂತ. ಚುಚ್ಚಿದರೂ ಗೊತ್ತಾಗದವನು ಅಪಾಯದಲ್ಲಿದ್ದಾನೆ. ರಾಮದುರ್ಗದ ಕಡೆಯ ಹಿರಿಯ ರೈತರೊಬ್ಬರು ಕೆಮ್ಮಿಗೆ ಔಷಧಿ ಕೇಳಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಾಗ ಪಾದ ತೋರಿಸಲು ಹೇಳಿದೆವು. ಅಂಗಾಲಿನಲ್ಲಿ ಮುಳ್ಳು ಮುರಿದು ಸುತ್ತಲೂ ಕೀವು ಕಟ್ಟಿತ್ತು. “ನೋವೇ ಇಲ್ಲಲ್ರೀ ಡಾಕ್ಟ್ರೇ” ಎಂದರು. ಅವರು ಹೇಳಿದ್ದು ಸತ್ಯ, ಮತ್ತು ಆ ಸತ್ಯವೇ ಅವರ ರೋಗವಾಗಿತ್ತು. ಅಂದೇ ಶಸ್ತ್ರವೈದ್ಯರ ಬಳಿಗೆ ಕಳುಹಿಸಿದ್ದರಿಂದ ಕಾಲು ಉಳಿಯಿತು.

ನೋವು ಇಲ್ಲದಿರುವುದು ಎಷ್ಟು ಘೋರವೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಪಾಲ್ ಬ್ರಾಂಡ್ ಪ್ರಮುಖರು. 1946ರಲ್ಲಿ ಅಲ್ಲಿಗೆ ಬಂದ ಅವರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಗಮನಿಸಿದರು. ಬೆರಳುಗಳು ರೋಗದಿಂದ ತಾವಾಗಿಯೇ ಕೊಳೆತು ಹೋಗುತ್ತವೆಂದು ಜನರು ನಂಬಿದ್ದರು. ನರ ಸತ್ತು ನೋವು ತಿಳಿಯದೆ ದಿನನಿತ್ಯ ಆಗುವ ಗಾಯ, ಸುಟ್ಟಗಾಯ, ಒತ್ತಡಗಳೇ ಅಂಗನಾಶಕ್ಕೆ ಮುಖ್ಯ ಕಾರಣವೆಂದು ಅವರು ಕಂಡುಕೊಂಡರು. ಆ ಗಾಯಗಳು ಎಲ್ಲರ ಕಣ್ಣ ಮುಂದೆಯೇ ಇದ್ದವು. ನೋವು ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಬೇಕೆಂಬ ಅವರ ಪಾಠ ಸಕ್ಕರೆ ಕಾಯಿಲೆಯ ಪಾದಕ್ಕೂ ಸಲ್ಲುತ್ತದೆ.

ಹಾಗಾದರೆ ನೋಡುವುದು ಹೇಗೆ? ರಾತ್ರಿ ಮಲಗುವ ಮುನ್ನ ಕಾಲು ತೊಳೆದು, ಬೆರಳ ಸಂದಿಗಳನ್ನೂ ಒರೆಸಿ, ಬೆಳಕಿನಲ್ಲಿ ಕುಳಿತುಕೊಳ್ಳಿರಿ. ಮೊದಲು ಬೆರಳ ಸಂದಿ, ಬಳಿಕ ಉಗುರು, ಅಂಗಾಲು, ಕೊನೆಗೆ ಹಿಮ್ಮಡಿ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಕಣ್ಣು ಮಂದವಾದ ಹಿರಿಯರಿಗೆ ಮೊಮ್ಮಕ್ಕಳೇ ನೋಡಿ ಹೇಳಲಿ. ಅಂಗೈಯ ಹಿಂಬದಿಯಿಂದ ಎರಡೂ ಪಾದಗಳನ್ನು ಮುಟ್ಟಿ, ಒಂದು ಇನ್ನೊಂದಕ್ಕಿಂತ ಬಿಸಿಯಾಗಿದೆಯೇ ಎಂದು ಪರೀಕ್ಷಿಸಿರಿ. ಇಷ್ಟಕ್ಕೆ ಐದು ನಿಮಿಷ ಸಾಕು.

ಮನೆಯಲ್ಲಿಯೇ ಮಾಡಬಹುದಾದ ಇನ್ನೊಂದು ಪರೀಕ್ಷೆಯನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬಲ್ಲಿಯ ವೈದ್ಯರು ರೂಪಿಸಿದ್ದಾರೆ. ಹಿರಿಯರು ಕಣ್ಣು ಮುಚ್ಚಿ ಮಲಗಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಹೀಗೆ 6 ಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಿರಿ. ಒತ್ತಬಾರದು, ತಟ್ಟಬಾರದು. ಮುಟ್ಟಿದ್ದು ತಿಳಿದಾಗ ಅವರು ‘ಬಲ’ ಅಥವಾ ‘ಎಡ’ ಎನ್ನಲಿ. ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ತಿಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಚರಕ ಸಂಹಿತೆಯ ದಿನಚರ್ಯೆಯಲ್ಲಿ ಪಾದಾಭ್ಯಂಗ ಮತ್ತು ಪಾದರಕ್ಷೆ ಎರಡನ್ನೂ ವಿಧಿಸಲಾಗಿದೆ. ಅಂಗಾಲಿಗೆ ಎಳ್ಳೆಣ್ಣೆ ತಿಕ್ಕುವುದರಿಂದ ಒಣಗುವಿಕೆ, ಬಿರುಸು, ದಣಿವು ಶಮನವಾಗುತ್ತವೆ. ತಿಕ್ಕುವ ಕೈಗೆ ಪಾದದ ಪರಿಚಯವೂ ಆಗುತ್ತದೆ. ಆದರೆ ಬೆರಳ ಸಂದಿಗೆ ಎಣ್ಣೆ ಬೇಡ, ತೇವ ನಿಂತು ಚರ್ಮ ಕೆಡುತ್ತದೆ. ಗಾಯವಿದ್ದರೆ ತಿಕ್ಕಲೇಬಾರದು. ಕಿತ್ತೂರು ಭಾಗದ ಭತ್ತದ ಗದ್ದೆಗಳಲ್ಲಿ ಕೆಸರು ತುಳಿಯುವವರು, ಬೈಲಹೊಂಗಲ ಭಾಗದಲ್ಲಿ ಕಬ್ಬಿನ ರವದಿಯ ಮೇಲೆ ನಡೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಚಪ್ಪಲಿ, ಬೂಟುಗಳನ್ನು ಝಾಡಿಸಿ, ಒಳಗೆ ಕೈಯಾಡಿಸಿ ಮೆಟ್ಟಿರಿ. ಜೋಮು ಹಿಡಿದ ಕಾಲನ್ನು ಬಿಸಿನೀರಿನಲ್ಲಿ ಇಡುವುದು, ಒಲೆಗೆ ಕಾಯಿಸುವುದು, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಗಾಯಕ್ಕೆ ಸುಣ್ಣ ಅಥವಾ ತಂಬಾಕು ಕಟ್ಟುವುದು ಇವುಗಳನ್ನು ಸರ್ವಥಾ ಬಿಡಬೇಕು.

ಜಾತ್ರೆಯ ಕಾಲದಲ್ಲಿ ಒಂದು ಮಾತು. ಭರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ, ಗೊಡಚಿಯ ವೀರಭದ್ರೇಶ್ವರನ ಜಾತ್ರೆಗೆ ಬರಿಗಾಲಿನಲ್ಲಿ ನಡೆಯುವ ಹರಕೆ ಹಲವರದು. ಕಾಲಿಗೆ ಸ್ಪರ್ಶವೇ ತಿಳಿಯದವರು ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಡೆದರೆ ಬೊಬ್ಬೆ ಎದ್ದದ್ದೂ ಅವರಿಗೆ ಗೊತ್ತಾಗದು. ಅಂಥವರು ಗುಡಿಯ ಬಾಗಿಲವರೆಗೆ ಪಾದರಕ್ಷೆ ಧರಿಸಲಿ, ರಾತ್ರಿ ತಂಗಿದಲ್ಲಿ ಪಾದ ನೋಡಿಸಿಕೊಳ್ಳಲಿ. ಭಕ್ತಿಗೆ ಇದರಿಂದ ಕುಂದಿಲ್ಲ.

ಗಾಯ, ಬೊಬ್ಬೆ, ಕಪ್ಪು ಬಣ್ಣ, ದುರ್ವಾಸನೆ, ಅಥವಾ ನೋವಿಲ್ಲದಿದ್ದರೂ ಕೆಂಪಾಗಿ ಬಿಸಿಯಾಗಿ ಊದಿದ ಪಾದ ಕಂಡರೆ ಮನೆಮದ್ದಿಗೆ ಕಾಲ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಿರಿ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದ ಪರೀಕ್ಷೆ ಮಾಡಿಸಬೇಕು. ರೋಗವಿದೆಯೋ ಇಲ್ಲವೋ ತಿಳಿಯದವರು, 30 ವರ್ಷ ಮೀರಿದ್ದರೆ, ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ತಪಾಸಣೆ ಮಾಡಿಸಿರಿ. ಉಪವಾಸದ ರಕ್ತದಲ್ಲಿ ಸಕ್ಕರೆ 126 ಅಥವಾ ಹೆಚ್ಚು ಬಂದರೆ ಮರುಪರೀಕ್ಷೆಯಿಂದ ಖಚಿತಪಡಿಸಿಕೊಂಡು ಚಿಕಿತ್ಸೆ ಆರಂಭಿಸಬೇಕು.

ಕಾಯಕಕ್ಕೆ ಕಾಯ ಬೇಕು, ಕಾಯವನ್ನು ಹೊತ್ತು ನಡೆಯಲು ಪಾದ ಬೇಕು. ಇಂದು ರಾತ್ರಿ ನಿಮ್ಮ ಮನೆಯ ಹಿರಿಯರ ಪಾದವನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿರಿ. ನಾಳೆ ಮತ್ತೆ ನೋಡಿ, ಇಂದಿನದರೊಂದಿಗೆ ಹೋಲಿಸಿರಿ.