ಐವತ್ತು ರೂಪಾಯಿಯ ದನಿ

ಪ್ರಶ್ನೆ: ನಮ್ಮ ಕಾಕಾಗ ಗಂಟಲ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗಿ ತೆಗೆದಾರ. ಕುತ್ತಿಗ್ಯಾಗ ಒಂದು ವಾಲ್ವ್ ಕೂಡ್ರಿಸಿದರ ಮತ್ತ ಮಾತಾಡ್ತಾರ ಅಂತ ಡಾಕ್ಟರು ಹೇಳ್ಯಾರ. ಬೆಂಗಳೂರಾಗ ಯಾರೋ ಅದನ್ನ ಐವತ್ತು ರೂಪಾಯಿದಾಗ ಮಾಡ್ಯಾರಂತ ಕೇಳೀನಿ. ಅವರು ಯಾರು? ಅಷ್ಟು ಸೋವಿ ಹ್ಯಾಂಗ ಆತು? ನಾನೂ ಗೋಕುಲ ರೋಡಿನ ವಾಲ್ವ್ ಕಾರ್ಖಾನ್ಯಾಗ ಲೇತ್ ಮ್ಯಾಲೆ ಕೆಲಸ ಮಾಡಾಂವ. ಇಂಥಾದ್ದು ನಮ್ಮೂರಾಗ ಆಗೂದಿಲ್ಲೇನು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೀವು ಕೇಳಿದ್ದು ‘ಓಂ ವಾಯ್ಸ್ ಪ್ರಾಸ್ಥೆಸಿಸ್’ ಬಗ್ಗೆ. ಅದರ ಹಿಂದಿರುವವರು ಇಬ್ಬರು. ಒಬ್ಬರು ಬೆಂಗಳೂರಿನ ಎಚ್‌ಸಿಜಿ ಕ್ಯಾನ್ಸರ್ ಆಸ್ಪತ್ರೆಯ ತಲೆ ಮತ್ತು ಕುತ್ತಿಗೆ ಶಸ್ತ್ರವೈದ್ಯ ಡಾ. ವಿಶಾಲ್ ರಾವ್. ಇನ್ನೊಬ್ಬರು ಅವರ ಗೆಳೆಯ, ಉದ್ಯಮಿ ಶಶಾಂಕ್ ಮಹೇಶ್. ಇಬ್ಬರೂ ಸೇರಿ ಇದಕ್ಕಾಗಿ ‘ಇನ್ನೌಮೇಶನ್’ ಎಂಬ ಕಂಪನಿ ಕಟ್ಟಿದರು. 2015ರ ಸುಮಾರಿಗೆ ಸಾಧನ ಐವತ್ತು ರೂಪಾಯಿಯ ಬೆಲೆಯಿಂದಲೇ ಸುದ್ದಿಗೆ ಬಂತು.

ವಾಲ್ವ್ ಮಾಡುವ ನಿಮಗೆ ಇದರ ಕೆಲಸ ತಿಳಿಯುವುದು ಸುಲಭ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಮುಂದೆ ತೂತಾಗಿ ಹೊಲಿಯುತ್ತಾರೆ. ಉಸಿರಾಟವೆಲ್ಲ ಅಲ್ಲಿಂದಲೇ. ಬಾಯಿಗೆ ಗಾಳಿ ಬರುವುದಿಲ್ಲ, ಹಾಗಾಗಿ ಮಾತಿಲ್ಲ. ಶ್ವಾಸನಾಳದ ಬೆನ್ನಿಗೇ ಅನ್ನನಾಳವಿದೆ. ನಡುವಿನ ಗೋಡೆಯಲ್ಲಿ ಸಣ್ಣ ರಂಧ್ರ ಮಾಡಿ, ಸಿಲಿಕೋನ್‌ನ ಪುಟ್ಟ ವಾಲ್ವ್ ಕೂಡಿಸುತ್ತಾರೆ. ಅಡ್ಡಳತೆ ಸುಮಾರು 5ರಿಂದ 7 ಮಿಲಿಮೀಟರ್. ಕದಲದಂತೆ ಹಿಡಿಯಲು ಎರಡೂ ತುದಿಗೆ ಅಂಚು. ಕುತ್ತಿಗೆಯ ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ತೆರೆದು ಅನ್ನನಾಳಕ್ಕೆ ಹೋಗುತ್ತದೆ, ಅಲ್ಲಿನ ಸ್ನಾಯು ನಡುಗಿ ದನಿ ಹುಟ್ಟುತ್ತದೆ, ನಾಲಿಗೆ ತುಟಿಗಳು ಅದನ್ನು ಮಾತಾಗಿಸುತ್ತವೆ. ನುಂಗುವಾಗ ಮಾತ್ರ ಒಂದು ಹನಿ ನೀರೂ ಹಿಂದಕ್ಕೆ ಶ್ವಾಸನಾಳಕ್ಕೆ ಇಳಿಯಬಾರದು. ಬೋರ್‌ವೆಲ್ ಪೈಪಿಗೆ ಹಾಕುವ ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಮಾಡುವ ಕೆಲಸವೇ ಇದು. ಆದರೆ ಇಲ್ಲಿ ಅದನ್ನು ತೆರೆಯಲು ಪಂಪಿನ ಒತ್ತಡ ಇರುವುದಿಲ್ಲ, ರೋಗಿಯೊಬ್ಬನ ಉಸಿರಷ್ಟೇ ಇರುತ್ತದೆ.

ಇದು ಬೆಂಗಳೂರಿನವರ ಮೂಲ ಕಲ್ಪನೆಯಲ್ಲ ಎಂಬುದನ್ನೂ ಹೇಳಬೇಕು. 1980ರ ಹೊತ್ತಿಗೆ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಶಸ್ತ್ರವೈದ್ಯ ಮಾರ್ಕ್ ಸಿಂಗರ್ ಮತ್ತು ಮಾತಿನ ಚಿಕಿತ್ಸಕ ಎರಿಕ್ ಬ್ಲೋಮ್ ಈ ವಿಧಾನ ರೂಪಿಸಿದರು. ಸುಮಾರು ಹತ್ತು ವರ್ಷದ ಬಳಿಕ ಆಮ್‌ಸ್ಟರ್‌ಡ್ಯಾಮ್‌ನ ಕ್ಯಾನ್ಸರ್ ಸಂಸ್ಥೆಯಿಂದ ‘ಪ್ರೊವಾಕ್ಸ್’ ಎಂಬ ವಾಲ್ವ್ ಬಂತು. ನಮ್ಮ ಆಸ್ಪತ್ರೆಗಳಿಗೆ ಬರುತ್ತಿದ್ದುದು ಹೊರದೇಶದ ಮಾಲು, ಬೆಲೆ ₹15,000ದಿಂದ ₹30,000. ಒಮ್ಮೆ ಕೊಟ್ಟು ಮುಗಿಯುವ ದುಡ್ಡೂ ಅಲ್ಲ. ಸಿಲಿಕೋನ್ ಮೇಲೆ ಬಾಯಿಯ ಬೂಷ್ಟು (ಕ್ಯಾಂಡಿಡಾ) ಪದರುಗಟ್ಟುತ್ತದೆ, ಬಾಗಿಲು ಸರಿಯಾಗಿ ಮುಚ್ಚದೆ ಸೋರಲು ಶುರುವಾಗುತ್ತದೆ. ಕೆಲವರಿಗೆ ಆರು ತಿಂಗಳಿಗೆ, ಕೆಲವರಿಗೆ ಅದಕ್ಕೂ ಮೊದಲೇ ಹೊಸದು ಬೇಕು. ಬೀಡಿ ಸೇದಿ ಸೇದಿ ಗಂಟಲು ಕೆಡಿಸಿಕೊಂಡ ಕೂಲಿಕಾರರೇ ಹೆಚ್ಚಾಗಿರುವ ವಾರ್ಡಿನಲ್ಲಿ ಇದು ಯಾರ ಕೈಗೆಟಕುವ ಲೆಕ್ಕ?

ಕೋಲಾರದ ಕಡೆಯ ಒಬ್ಬ ರೋಗಿ ಹೀಗೇ ಊಟವೂ ಸೇರದೆ, ಮಾತೂ ಇಲ್ಲದೆ ಡಾ. ರಾವ್ ಬಳಿಗೆ ಬಂದಿದ್ದರು. ಅಂಥವರಿಗೆ ಅದುವರೆಗೆ ರಾವ್ ದಾನಿಗಳನ್ನು ಹುಡುಕುತ್ತಿದ್ದರು, ಮಾರಾಟಗಾರರ ಹತ್ತಿರ ರಿಯಾಯಿತಿ ಕೇಳುತ್ತಿದ್ದರು. ಇದನ್ನು ಕಂಡ ಶಶಾಂಕ್, ಯಾರನ್ನೋ ಕೇಳುತ್ತ ಕೂರುವ ಬದಲು ನೀನೇ ಏಕೆ ಮಾಡಬಾರದು ಎಂದರಂತೆ. ಡಾಕ್ಟರಿಗೆ ಗಂಟಲು ಗೊತ್ತಿತ್ತು, ತಯಾರಿಕೆ ಗೊತ್ತಿರಲಿಲ್ಲ. ಗೆಳೆಯನಿಗೆ ತಯಾರಿಕೆ ಗೊತ್ತಿತ್ತು, ಗಂಟಲು ಗೊತ್ತಿರಲಿಲ್ಲ. ಎರಡು ವರ್ಷ ಹಿಡಿಯಿತು. ದುಡ್ಡು ಇಬ್ಬರ ಕೈಯಿಂದಲೇ.

‘ಅಷ್ಟು ಸೋವಿ ಹ್ಯಾಂಗ’ ಎಂಬುದಕ್ಕೆ ಉತ್ತರ ಇಲ್ಲಿದೆ. ಗ್ರಾಂಗಳ ಲೆಕ್ಕದ ಸಿಲಿಕೋನ್‌ಗೆ ತಗಲುವ ಖರ್ಚು ಯಾವ ದೇಶದಲ್ಲೂ ದೊಡ್ಡದಲ್ಲ. ಬೆಲೆ ಏರುವುದು ಸಂಶೋಧನೆ, ಪರೀಕ್ಷೆ, ಪರವಾನಗಿ, ಆಮದು, ಏಜೆಂಟರ ಪಾಲು ಇವೆಲ್ಲ ಕೂಡಿದಾಗ. ರಾವ್ ಮತ್ತು ಶಶಾಂಕ್ ತಮ್ಮ ಎರಡು ವರ್ಷದ ದುಡಿಮೆಯನ್ನು ಬೆಲೆಯಲ್ಲಿ ಸೇರಿಸಲಿಲ್ಲ. ಅದು ದೊಡ್ಡತನ, ಎರಡು ಮಾತಿಲ್ಲ. ಆದರೆ ಇಂಥ ಸಾಧನ ಮಾಡಲು ಹೊರಟ ಪ್ರತಿಯೊಬ್ಬರಿಂದಲೂ ಅದನ್ನು ಬಯಸುವುದು ನನಗೆ ಸರಿಕಾಣುವುದಿಲ್ಲ. ನಿಮ್ಮ ಕಾಕಾಗೆ ಈ ವಾಲ್ವ್ ಬದುಕಿರುವವರೆಗೂ ಬೇಕು. ಮಾಡುವ ಕಂಪನಿ ನಾಲ್ಕು ವರ್ಷಕ್ಕೆ ಬಾಗಿಲು ಹಾಕಿದರೆ ಅವರ ಮಾತೂ ನಿಲ್ಲುತ್ತದೆ. ಬಡವರಿಗೆ ಎಟಕುವ ಬೆಲೆ, ಕಂಪನಿ ಉಳಿಯುವಷ್ಟು ಲಾಭ ಎರಡೂ ಬೇಕು; ಎರಡರ ನಡುವಿನ ವ್ಯತ್ಯಾಸವನ್ನು ಸರ್ಕಾರದ ಆರೋಗ್ಯ ಯೋಜನೆ ತುಂಬಿಕೊಡಬೇಕು.

ಇನ್ನು ‘ನಮ್ಮೂರಾಗ ಆಗೂದಿಲ್ಲೇನು’ ಎಂಬ ಮಾತು. ಹುಬ್ಬಳ್ಳಿ ವಾಲ್ವ್‌ಗೆ ಹೆಸರಾದ ಊರು. ಮೈಕ್ರೋಫಿನಿಶ್, ಬಿಡಿಕೆಯಂಥ ಕಾರ್ಖಾನೆಗಳ ವಾಲ್ವ್ ದೇಶವಿದೇಶಕ್ಕೆ ಹೋಗುತ್ತವೆ. ಇದೇ ಊರಿನ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ವಿದ್ಯಾನಗರದಲ್ಲಿ ಕಿಮ್ಸ್ ಎಂದೇ ಹೆಸರಾದ ವೈದ್ಯಕೀಯ ಕಾಲೇಜು ಇದೆ, ಅದರ ಸಮೀಪವೇ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದಲ್ಲಿ ಎಸ್‌ಡಿಎಂ ಆಸ್ಪತ್ರೆ ಮತ್ತು ಐಐಟಿ. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸು ಹತ್ತಿದರೆ ಒಂದು ಮಧ್ಯಾಹ್ನದಲ್ಲಿ ಇವರಲ್ಲಿ ಹೆಚ್ಚಿನವರನ್ನು ಕಂಡು ಬರಬಹುದು. ಹೊಸ ಉದ್ಯಮಿಗಳಿಗೆಂದೇ ಗೋಕುಲ ರಸ್ತೆಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಇದೆ. ಕೇಂದ್ರದ ಬೈರಾಕ್ ಸಂಸ್ಥೆ ಒಳ್ಳೆಯ ಕಲ್ಪನೆಗೆ ₹50 ಲಕ್ಷದವರೆಗೆ ಅನುದಾನ ಕೊಡುತ್ತದೆ. ಬೆಂಗಳೂರಿನಲ್ಲಿ ಒಬ್ಬ ಶಸ್ತ್ರವೈದ್ಯನೂ ಒಬ್ಬ ತಯಾರಕನೂ ಗೆಳೆಯರಾಗಿದ್ದರು, ಅಷ್ಟೇ. ಇಲ್ಲಿ ಆ ಗೆಳೆತನ ಇನ್ನೂ ಬೆಳೆಯಬೇಕಿದೆ.

ಆದರೆ ಲೇತ್ ಮೇಲಿನ ಅನುಭವ ಒಂದೇ ಸಾಲದು. ಭಾರತದಲ್ಲಿ ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳಿವೆ. ಅಪಾಯದ ಪ್ರಮಾಣ ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ. ದೇಹದೊಳಗೆ ಕೂಡುವ ಸಿಲಿಕೋನ್ ಮೈಗೆ ಒಗ್ಗುತ್ತದೆಯೇ ಎಂಬ ಪರೀಕ್ಷೆ, ದೂಳಿಲ್ಲದ ಕೋಣೆ, ಕ್ರಿಮಿಶುದ್ಧಿ, ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ, ಐಎಸ್ಒ 13485 ಮಾದರಿಯ ಗುಣಮಟ್ಟ ವ್ಯವಸ್ಥೆ ಇವು ತಪ್ಪುವುದಿಲ್ಲ. ಮೊದಲಿಗೆ ದೇಹದೊಳಗೆ ಉಳಿಯದ ಸಾಧನಗಳಿಂದ ಶುರುಮಾಡಿ. ವಾಲ್ವ್ ಸ್ವಚ್ಛಗೊಳಿಸುವ ಬ್ರಷ್, ಸ್ನಾನ ಮಾಡುವಾಗ ಕುತ್ತಿಗೆಯ ತೂತಿಗೆ ನೀರು ಹೋಗದಂತೆ ಕಾಯುವ ಕವಚ ಇಂಥವು ರೋಗಿಗಳಿಗೆ ದಿನವೂ ಬೇಕು.

ಕಾಕಾರ ವಿಚಾರಕ್ಕೆ ಬರೋಣ. ವಾಲ್ವ್ ಕೂಡಿಸಿದ ಮೇಲೆ ನೀರು ಕುಡಿದಾಗ ಕೆಮ್ಮು ಬಂದರೆ ತಡಮಾಡಬೇಡಿ. ಡಾಕ್ಟರು ಒಂದು ಗುಟುಕು ಕುಡಿಸಿ, ಟಾರ್ಚ್ ಹಾಕಿ ನೋಡುತ್ತಾರೆ. ನಡುವಿನಿಂದ ಸೋರಿದರೆ ವಾಲ್ವ್ ಸವೆದಿದೆ ಅಥವಾ ಪದರುಗಟ್ಟಿದೆ. ಸುತ್ತಲಿಂದ ಸೋರಿದರೆ ರಂಧ್ರ ದೊಡ್ಡದಾಗಿದೆ ಅಥವಾ ಅಳತೆ ಹೊಂದುತ್ತಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ. ಮನೆಯಲ್ಲಿ ಕಿತ್ತು ಹಾಕುವ ಸಾಹಸ ಬೇಡ. ಮಜ್ಜಿಗೆ ಕುಡಿಯುತ್ತಾರಾ? ಡಾಕ್ಟರು ಬೇಡ ಎನ್ನದಿದ್ದರೆ ಕುಡಿಯಲಿ. ಮಜ್ಜಿಗೆಯಿಂದ ಸಿಲಿಕೋನ್ ಮೇಲಿನ ಪದರು ಕಡಿಮೆಯಾಗುವುದನ್ನು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಬೀಡಿಯ ಚಟವಿದ್ದರೆ ಅದನ್ನು ಮಾತ್ರ ಮತ್ತೆ ಮುಟ್ಟಬಾರದು. ಮಾತು ತಿರುಗಿ ಕಲಿಯಲು ಸ್ಪೀಚ್ ಥೆರಪಿಸ್ಟ್ ಬೇಕು; ಆಸ್ಪತ್ರೆಯಲ್ಲಿ ಕೇಳಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಇದೆ. ಮತ್ತೊಂದು ಮಾತು: ವಾಲ್ವ್‌ನ ಹೆಸರು, ಅಡ್ಡಳತೆ, ಉದ್ದ, ಕೂಡಿಸಿದ ತಾರೀಖು, ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆಸಿಕೊಂಡು ಕಾಕಾರ ಕಿಸೆಯಲ್ಲಿಡಿ. ಬೇರೆ ಊರಿನಲ್ಲಿ ತೊಂದರೆಯಾದರೆ ಅಲ್ಲಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.