ಹೊಸ ಸೀಲು ಹಾಕಿದರೂ ನಿಲ್ಲದ ಸೋರಿಕೆ

ಪ್ರಶ್ನೆ: ನಮ್ಮ ಹಳೆಯ ಟ್ರ್ಯಾಕ್ಟರಿಗೆ ಮುಂದುಗಡೆ ಲೋಡರ್ ಕೂರಿಸಿದ್ದೇವೆ, ಹೆಚ್ಚಾಗಿ ಕೊಟ್ಟಿಗೆ ಗೊಬ್ಬರ ತುಂಬಲು. ಎತ್ತುವ ಸಿಲಿಂಡರಿನ ರಾಡ್ ಹೊರಬರುವ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕುತ್ತದೆ. ಸೀಲು ಬದಲಿಸಿದೆವು, ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಸಾಲದ್ದಕ್ಕೆ, ಎತ್ತಿ ನಿಲ್ಲಿಸಿದ ಬಕೆಟ್ ಈಗ ತಾನಾಗಿಯೇ ಇಳಿಯುತ್ತದೆ. ಎರಡಕ್ಕೂ ಸೀಲೇ ಕಾರಣವೇ? ನಾವೇ ಬಿಚ್ಚಬಹುದೇ?

ಉತ್ತರ: ಇವು ಎರಡು ಬೇರೆ ಬೇರೆ ಕಾಯಿಲೆ ಇರಬಹುದು. ಮೊದಲು ಹೊರಗಿನ ಸೋರಿಕೆ ನೋಡೋಣ.

ಹೊಸ ಸೀಲು ಇಷ್ಟು ಬೇಗ ಸತ್ತಿದೆ ಎಂದರೆ ಅದನ್ನು ಕೊಂದದ್ದು ಯಾರು ಎಂದು ಕೇಳಬೇಕು. ಬಹಳ ಸಲ ಉತ್ತರ ರಾಡ್ ಮೇಲೆಯೇ ಇರುತ್ತದೆ. ಬಕೆಟ್ ನೆಲಕ್ಕಿಳಿಸಿ, ಇಂಜಿನ್ ಆರಿಸಿ, ಲಿವರುಗಳನ್ನು ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಿಸಿ. ರಾಡಿನ ಹೊರಗೆ ಕಾಣುವ ಭಾಗವನ್ನು ಒರೆಸಿ, ಉಗುರನ್ನು ಉದ್ದಕ್ಕೂ ಎಳೆಯಿರಿ; ಉಳಿದದ್ದನ್ನು ಮುಂದೆ ಹೇಳುವ ಪರೀಕ್ಷೆಯಲ್ಲಿ ರಾಡ್ ಹೊರಚಾಚಿದಾಗ ನೋಡಿ. ಉಗುರು ಸಿಕ್ಕಿಕೊಳ್ಳುವ ಕಡೆ ಸಣ್ಣ ಗುಳಿ ಇದೆ ಎಂದರ್ಥ. ರಾಡಿನ ಹೊಳಪು ಕ್ರೋಮ್ ಲೇಪನದ್ದು, ದಪ್ಪ ಸಾಮಾನ್ಯವಾಗಿ 20ರಿಂದ 25 ಮೈಕ್ರಾನ್ ಮಾತ್ರ. ಗೊಬ್ಬರದ ತೇವ, ಗಂಜಲ, ರಸಗೊಬ್ಬರದ ಪುಡಿ ಅದರ ಕಣ್ಣಿಗೆ ಕಾಣದ ಬಿರುಕಿನೊಳಗೆ ಇಳಿದು ಕೆಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಕ್ರೋಮ್ ಚಕ್ಕೆ ಎದ್ದ ಅಂಚು, ಲೋಡರ್ ಏರಿಳಿದಾಗಲೆಲ್ಲ ಸೀಲಿನ ತುಟಿಯನ್ನು ತುರಿಮಣೆಯ ಹಾಗೆ ತುರಿಯುತ್ತದೆ. ಅದರ ಮೇಲೆ ಎಷ್ಟು ದುಬಾರಿ ಸೀಲು ಹಾಕಿದರೂ ಹಣ ದಂಡ.

ಗುಳಿ ಇಲ್ಲದೆ ರಾಡಿನ ಒಂದೇ ಮಗ್ಗುಲು ಉಜ್ಜಿ ಸವೆದಿದ್ದರೆ ಪಿನ್ನು, ಬುಷ್ಷುಗಳ ಕಡೆ ತಿರುಗಿ. ಅವು ಸಡಿಲಾದರೆ ರಾಡಿಗೆ ಓರೆಯಾದ ಭಾರ ಬೀಳುತ್ತದೆ, ರಾಡ್ ಹೊರಬರುವ ಬಾಯಿಯ ಮುಚ್ಚಳ, ಅಂದರೆ ಗ್ಲ್ಯಾಂಡ್, ಒಂದೇ ಕಡೆ ಸವೆಯುತ್ತದೆ. ರಾಡ್ ಬಾಗಿದ್ದರೂ ಹೀಗೇ.

ಒಂದೆರಡು ಚಿಕ್ಕ ಗುಳಿಗಳಾದರೆ ಎಣ್ಣೆಕಲ್ಲಿನಿಂದ ಅಂಚು ಸವರಿ, ಎಪಾಕ್ಸಿ ತುಂಬಿ ನಯ ಮಾಡಿ ಒಂದು ಹಂಗಾಮು ದೂಡಬಹುದು. ಹೆಚ್ಚಿದ್ದರೆ ರಾಡನ್ನು ಗ್ರೈಂಡ್ ಮಾಡಿಸಿ ಹೊಸದಾಗಿ ಹಾರ್ಡ್ ಕ್ರೋಮ್ ಹಾಕಿಸಬೇಕು, ಇಲ್ಲವೇ ಕ್ರೋಮ್ ಮಾಡಿದ ಸರಳು ತಂದು ಲೇತಿನಲ್ಲಿ ಹೊಸ ರಾಡ್ ಮಾಡಿಸಬೇಕು. ಇಂಥ ಕೆಲಸಕ್ಕೆ ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿ. ನನ್ನನ್ನು ಕೇಳಿದರೆ, ತುಂಬ ಹಾಳಾದ ರಾಡಿಗೆ ಹೊಸದೇ ಮೇಲು.

ಈಗ ತಾನಾಗಿ ಇಳಿಯುವ ಬಕೆಟ್. ಸಿಲಿಂಡರಿನೊಳಗಿನ ಪಿಸ್ಟನ್ ಸೀಲು ಹೋಗಿದೆ ಎಂದು ಊರೆಲ್ಲ ತೀರ್ಪು ಕೊಡುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಲಿವರ್ ನಡುವೆ ಇದ್ದಾಗ ಸಿಲಿಂಡರಿನ ಎರಡೂ ದಾರಿಗಳನ್ನು ವಾಲ್ವ್ ಮುಚ್ಚಿರುತ್ತದೆ. ಪಿಸ್ಟನ್ ಸೀಲು ಪೂರ್ತಿ ಹರಿದಿದ್ದರೂ ರಾಡ್ ಒಳಗೆ ಹೋಗಬೇಕಾದರೆ ಅದು ಆಕ್ರಮಿಸುವಷ್ಟು ಎಣ್ಣೆ ಎಲ್ಲಾದರೂ ಹೊರಬೀಳಬೇಕು. ಪಿಸ್ಟನ್ನಿನ ಆಚೆ ಬದಿಯಲ್ಲಿ ರಾಡ್ ಕೂತಿರುವುದರಿಂದ ಅಷ್ಟೂ ಎಣ್ಣೆಗೆ ಅಲ್ಲಿ ಜಾಗವಿಲ್ಲ. ಹೊರದಾರಿ ಇಲ್ಲದಿದ್ದರೆ ಭಾರ ನಿಂತೇ ನಿಲ್ಲುತ್ತದೆ, ಒಳಗಿನ ಒತ್ತಡ ಮಾತ್ರ ಏರುತ್ತದೆ. 63 ಮಿಮೀ ಒಳವ್ಯಾಸ, 40 ಮಿಮೀ ರಾಡ್ ಇದ್ದರೆ ಸುಮಾರು ಎರಡೂವರೆ ಪಟ್ಟು. ಹಾಗಾಗಿ ಬಕೆಟ್ ಇಳಿಯುತ್ತಿದೆ ಎಂದರೆ ಎಣ್ಣೆ ಹೊರಹೋಗುತ್ತಿದೆ: ಒಂದೋ ವಾಲ್ವಿನೊಳಗೆ ಜಾರುವ, ಸವೆದ ಸ್ಪೂಲಿನ ಮೂಲಕ ಟ್ಯಾಂಕಿಗೆ, ಇಲ್ಲವೇ ನಿಮ್ಮ ಕಣ್ಣೆದುರಿಗೇ ರಾಡ್ ಬಾಯಿಂದ. ಪಿಸ್ಟನ್ ಸೀಲೂ ಹೋಗಿದ್ದರೆ ಏರಿದ ಒತ್ತಡ ಎರಡನ್ನೂ ಜೋರು ಮಾಡುತ್ತದೆ.

ಖಚಿತ ಮಾಡಿಕೊಳ್ಳಲು ಲೋಡರನ್ನು ನೆಲದ ಮೇಲಿಟ್ಟು, ಎರಡೂ ಎತ್ತುವ ಸಿಲಿಂಡರುಗಳಿಗೆ ಆಸರೆ ಕೊಟ್ಟು ರಾಡ್ ಪಿನ್ನು ತೆಗೆಯಿರಿ. ಲಿವರಿನಿಂದ ರಾಡುಗಳನ್ನು ಪೂರ್ತಿ ಹೊರಚಾಚಿ, ಇಂಜಿನ್ ಆರಿಸಿ ಒತ್ತಡ ಬಿಡಿಸಿ. ಒಂದು ಸಿಲಿಂಡರಿನ ರಾಡ್ ಬದಿಯ ಹೋಸ್ ಬಿಚ್ಚಿ, ಹೋಸಿನ ತುದಿಗೆ ಬಿರಡೆ ಹಾಕಿ. ಇಂಜಿನ್ ಸಣ್ಣಗೆ ಓಡಿಸಿ ಎತ್ತುವ ಲಿವರ್ ಒತ್ತಿ, ತೆರೆದ ಬಾಯಿಂದ ದೂರ ನಿಂತು ನೋಡಿ. ಅಲ್ಲಿಂದ ಎಣ್ಣೆ ಹರಿಯುತ್ತಲೇ ಇದ್ದರೆ ಪಿಸ್ಟನ್ ಸೀಲು ಹೋಗಿದೆ. ಒಣಗಿದ್ದರೆ ಅದು ನಿರಪರಾಧಿ. ಇನ್ನೊಂದಕ್ಕೂ ಹೀಗೇ ಮಾಡಿ.

ನೀವೇ ಬಿಚ್ಚಬಹುದು, ಆದರೆ ಮೂರು ಕೆಲಸ ಮಾತ್ರ ಬೇಡ. ಎತ್ತಿದ ತೋಳಿನ ಕೆಳಗೆ ನುಸುಳಬೇಡಿ. ಸೋರುವ ಜಾಗವನ್ನು ಕೈಯಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳು ಕಳೆದುಕೊಳ್ಳುವ ಸಂಭವವಿದೆ. ಮೂರನೆಯದು, ಪಿಸ್ಟನ್ನನ್ನು ಕಂಪ್ರೆಸರ್ ಗಾಳಿಯಿಂದ ಹಾರಿಸುವ ಗ್ಯಾರೇಜ್ ಚಾಳಿ. ಅದು ಗುಂಡಿನಂತೆ ಹೊರಬರಬಹುದು.

ಸಿಲಿಂಡರಿನ ಕೊಳವೆಯನ್ನು ವೈಸಿನಲ್ಲಿ ಬಿಗಿಯಬೇಡಿ, ಮೊಟ್ಟೆಯಾಕಾರವಾಗುತ್ತದೆ. ಹಿಡಿಯುವುದಾದರೆ ಬುಡದ ಕಣ್ಣು ಹಿಡಿಯಿರಿ. ಗ್ಲ್ಯಾಂಡ್ ಕೆಲವದರಲ್ಲಿ ತಿರುಪಿನಂತೆ ತಿರುಗಿಸಿದರೆ ಬಿಚ್ಚುತ್ತದೆ, ಕೆಲವದರಲ್ಲಿ ಒಳಗೆ ತಂತಿಯ ಅಥವಾ ಸ್ನ್ಯಾಪ್ ಉಂಗುರವಿರುತ್ತದೆ. ತಿರುಗದಿದ್ದರೆ ಸುತ್ತಿಗೆ ಎತ್ತುವ ಮೊದಲು ಉಂಗುರ ಹುಡುಕಿ. ಒಳಗೋಡೆಯಲ್ಲಿ ಉಗುರಿಗೆ ಸಿಗುವ ಉದ್ದ ಗೀರುಗಳಿದ್ದರೆ ಕೊಳವೆಯೂ ಹೋದಂತೆಯೇ.

ಸೀಲು ತರುವಾಗ ಹಳೆಯ ಸೀಲನ್ನು ಅಳೆಯಬೇಡಿ, ಅದು ಉಬ್ಬಿಯೋ ಸವೆದೋ ಇರುತ್ತದೆ. ರಾಡ್, ಒಳವ್ಯಾಸ, ಸೀಲು ಕೂರುವ ತೋಡುಗಳನ್ನು ವರ್ನಿಯರಿನಲ್ಲಿ ಅಳೆಯಿರಿ. ಹಳೆಯ ಯಂತ್ರಗಳಲ್ಲಿ ಇಂಚಿನ ಅಳತೆ ಸಾಮಾನ್ಯ. ಒಂದೂವರೆ ಇಂಚು ಎಂದರೆ 38.1 ಮಿಮೀ, ಅದಕ್ಕೆ 40ರ ಸೀಲು ಹಾಕಿದವರೂ ಇದ್ದಾರೆ. ರಾಡ್ ಸೀಲಿನ ತುಟಿ ಎಣ್ಣೆಯ ಕಡೆಗೂ ರಾಡ್ ಒರೆಸುವ ವೈಪರ್ ಸೀಲಿನ ತುಟಿ ಹೊರಗಿನ ಧೂಳಿನ ಕಡೆಗೂ ಮುಖ ಮಾಡಿರಬೇಕು. ಗಡಸಾದ ಪಾಲಿಯುರೆಥೇನ್ ಸೀಲನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಒರೆಸಿ, ಎಣ್ಣೆ ಸವರಿ ಕೂರಿಸಿ. ರಾಡ್ ತುದಿಯ ತಿರುಪಿನ ಹಲ್ಲು ಸೀಲನ್ನು ಕುಯ್ಯದಂತೆ ಅದಕ್ಕೆ ಟೇಪು ಸುತ್ತಿ.

ಜೋಡಿಸಿದ ಮೇಲೆ ಭಾರವಿಲ್ಲದೆ ನಿಧಾನವಾಗಿ ಹಲವು ಸಲ ಏರಿಳಿಸಿ ಗಾಳಿ ಹೊರಡಿಸಿ, ಆಮೇಲೆ ಎಣ್ಣೆ ಮಟ್ಟ ನೋಡಿ. ಹಲವು ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ, ಆದ್ದರಿಂದ ಕೈಪಿಡಿ ಹೇಳಿದ್ದನ್ನೇ ಹಾಕಿ. ಸೀಲು ಉಬ್ಬಿ ಸೋರಿಕೆ ನಿಲ್ಲುತ್ತದೆ ಎಂದು ಬ್ರೇಕ್ ಆಯಿಲ್ ಬೆರೆಸಲು ಯಾರಾದರೂ ಹೇಳಿದರೆ ಕೇಳಬೇಡಿ, ನೈಟ್ರೈಲ್ ರಬ್ಬರಿನ ಸೀಲುಗಳೆಲ್ಲ ಕೆಡುತ್ತವೆ. ಇನ್ನು, ರಿಪೇರಿಯ ನಂತರ ರಾಡ್ ಮೇಲೆ ತೆಳ್ಳಗೆ ಎಣ್ಣೆಯ ಪದರ ಕಂಡರೆ ಮತ್ತೆ ಬಿಚ್ಚಲು ಹೋಗಬೇಡಿ. ಸೀಲು ಬಾಳಲು ಅಷ್ಟು ಜಿಡ್ಡು ಬೇಕೇ ಬೇಕು, ಹನಿಯಾಗಿ ಬಿದ್ದರೆ ಮಾತ್ರ ಸೋರಿಕೆ.