ಮೊದಲ ದಿನದ ಸೆಟ್ಟಿಂಗ್

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕೋಡಿಂಗ್ ಕಲಿಯುತ್ತಿರುವ ಮಕ್ಕಳಿಗೆ ಒಂದು ಮಾತು. ವಿಷುಯಲ್ ಸ್ಟುಡಿಯೊದಲ್ಲಿ ‘ನ್ಯೂ ಪ್ರಾಜೆಕ್ಟ್’ ಒತ್ತಿದಾಗ ಬರುವ ಸೆಟ್ಟಿಂಗುಗಳನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ. ಅಡಿಕೆ ಸಸಿ ಮಾಡುವಾಗ ಮನೆಯ ಹಿರಿಯರು ತಾಯಿಮರ ನೋಡಿಯೇ ಬೀಜ ಆರಿಸುತ್ತಾರೆ; ಬೀಜದ ದೋಷ ಗೊತ್ತಾಗುವುದು ಮರ ಫಸಲಿಗೆ ಬಂದ ಮೇಲೆ. ಪ್ರಾಜೆಕ್ಟಿನ ಆರಂಭದ ಸೆಟ್ಟಿಂಗೂ ಅಂಥದ್ದೇ.

ಅಡಿಕೆ ಮಂಡಿಗೊಂದು ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಒಬ್ಬ ರೈತರ ಫೋನ್ ನಂಬರ್ ಖಾಲಿ. ‘ಇಲ್ಲಿ ನಲ್ (ಖಾಲಿ ಮೌಲ್ಯ) ಬರಬಹುದು’ ಎಂದು ಕಂಪೈಲರ್ ಮೊದಲೇ ವಾರ್ನಿಂಗ್ ಕೊಟ್ಟಿರುತ್ತದೆ. ಬಿಲ್ಡ್ ಆಯಿತಲ್ಲ ಎಂದು ನೀವು ಸುಮ್ಮನಾದರೆ, ಜನ ಕಾದು ನಿಂತಿರುವ ಹೊತ್ತಿನಲ್ಲೇ ಪ್ರೋಗ್ರಾಂ ಕೈಕೊಡುತ್ತದೆ. 2021ರ ಡಾಟ್‌ನೆಟ್ 6ರಿಂದ ಹೊಸ ಸಿ-ಶಾರ್ಪ್ ಪ್ರಾಜೆಕ್ಟುಗಳಲ್ಲಿ ಈ ವಾರ್ನಿಂಗ್ ಕೊಡುವ ‘ನಲ್ಲಬಲ್’ ತಪಾಸಣೆ ತಾನಾಗಿಯೇ ಇರುತ್ತದೆ. ವಾರ್ನಿಂಗ್ ಬಂದರೆ ಬಿಲ್ಡನ್ನೇ ನಿಲ್ಲಿಸುವ ‘ಟ್ರೀಟ್ ವಾರ್ನಿಂಗ್ಸ್ ಆ್ಯಸ್ ಎರರ್ಸ್’ ಅನ್ನು ಮಾತ್ರ ನೀವೇ ಹಾಕಿಕೊಳ್ಳಬೇಕು. ಖಾಲಿ ಪ್ರಾಜೆಕ್ಟಿನಲ್ಲಿ ಅದಕ್ಕೆ ಏನೂ ಖರ್ಚಿಲ್ಲ. ಎರಡು ವರ್ಷ ಕೋಡ್ ಬೆಳೆದ ಮೇಲೆ ಹಾಕಿದರೆ ರಾಶಿ ಎರರ್ ಒಟ್ಟಿಗೆ ಎದ್ದು ನಿಲ್ಲುತ್ತವೆ. ಆಗ ಯಾರಾದರೂ ಅದನ್ನು ಆಫ್ ಮಾಡಿಯೇ ಮಲಗುತ್ತಾರೆ.

ಇನ್ನು ಈ ಸೆಟ್ಟಿಂಗುಗಳನ್ನೆಲ್ಲ ಇಡುವುದೆಲ್ಲಿ? ಇಲ್ಲಿ ಎರಡು ಜಾಗಗಳ ವ್ಯತ್ಯಾಸ ತಿಳಿದಿರಲಿ. ಟೆಂಪ್ಲೇಟ್ ಎಂಬ ಅಚ್ಚಿನಿಂದ ಹೊಸ ಪ್ರಾಜೆಕ್ಟಿಗೆ ಸಿಗುವುದು ನಕಲು: ಪ್ರಾಜೆಕ್ಟ್ ಹುಟ್ಟಿದ ಮೇಲೆ ನೀವು ಟೆಂಪ್ಲೇಟನ್ನು ತಿದ್ದಿದರೂ ಹಳೆಯ ಪ್ರಾಜೆಕ್ಟಿಗೆ ಅದು ತಲುಪುವುದಿಲ್ಲ. ಆದ್ದರಿಂದ ಬಿಲ್ಡಿನ ನಿಯಮಗಳನ್ನು ‘ಡೈರೆಕ್ಟರಿ.ಬಿಲ್ಡ್.ಪ್ರಾಪ್ಸ್’ ಫೈಲಿನಲ್ಲಿ ಬರೆದು ಮೇಲಿನ ಫೋಲ್ಡರಿನಲ್ಲಿಡಿ. ಕೆಳಗಿನ ಪ್ರಾಜೆಕ್ಟುಗಳೆಲ್ಲ ಪ್ರತಿ ಬಿಲ್ಡಿನಲ್ಲೂ ಅದನ್ನು ಓದಿಕೊಳ್ಳುತ್ತವೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆಗೂ ಹೋಗುತ್ತದೆ. ಎರಡು ಎಚ್ಚರ: ನಡುವಿನ ಫೋಲ್ಡರಿನಲ್ಲಿ ಇದೇ ಹೆಸರಿನ ಇನ್ನೊಂದು ಫೈಲ್ ಇದ್ದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ, ಮೇಲಿನದನ್ನು ನೀವೇ ಇಂಪೋರ್ಟ್ ಮಾಡಬೇಕು. ಲಿನಕ್ಸಿನಲ್ಲಿ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರವೂ ತಪ್ಪಬಾರದು.

ಟೆಂಪ್ಲೇಟಿಗೆ ಸೇರಬೇಕಾದ್ದು ಆರಂಭದ ಕೋಡ್. ರೈತರ ಹೆಸರು ಕನ್ನಡದಲ್ಲಿ ಬರಬೇಕಲ್ಲವೇ? ವಿಂಡೋಸ್ ಕನ್ಸೋಲಿನಲ್ಲಿ ಔಟ್‌ಪುಟ್ ಎನ್‌ಕೋಡಿಂಗ್ ಯುಟಿಎಫ್-8 ಆಗಿರದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಸಾಲಾಗಿ ಪ್ರಶ್ನೆಚಿಹ್ನೆ ಕಾಣುತ್ತವೆ. ಅದನ್ನು ಯುಟಿಎಫ್-8 ಮಾಡುವ ಒಂದು ಸಾಲನ್ನು ಟೆಂಪ್ಲೇಟಿನಲ್ಲೇ ಬರೆದಿಡಿ. ಆಮೇಲೆ ‘ಪ್ರಾಜೆಕ್ಟ್’ ಮೆನುವಿನ ‘ಎಕ್ಸ್‌ಪೋರ್ಟ್ ಟೆಂಪ್ಲೇಟ್’ ಒತ್ತಿದರೆ ಆ ಪ್ರಾಜೆಕ್ಟ್ ಒಂದು ಜಿಪ್ ಫೈಲ್ ಆಗುತ್ತದೆ. ನೆಟ್ ಇಲ್ಲದ ಊರಿನ ಗೆಳೆಯನಿಗೂ ಪೆನ್‌ಡ್ರೈವಿನಲ್ಲಿ ಕೊಡಬಹುದು.

ಟೆಂಪ್ಲೇಟಿನಲ್ಲಿ ಪಾಸ್‌ವರ್ಡ್ ಇಡಬೇಡಿ; ಆ ಟೆಂಪ್ಲೇಟಿನಿಂದ ಹುಟ್ಟುವ ಪ್ರತಿ ಪ್ರಾಜೆಕ್ಟಿಗೂ ಅದು ಹರಡುತ್ತದೆ. ನಿಮ್ಮ ಮಶೀನಿನ ‘ಡಿ’ ಡ್ರೈವಿನ ದಾರಿಯನ್ನೂ ಬರೆಯಬೇಡಿ. ನಾಳೆ ಬೆಂಗಳೂರಿನ ಆಫೀಸಿನ ಕಂಪ್ಯೂಟರಿನಲ್ಲಿ ಆ ದಾರಿಯೇ ಇರುವುದಿಲ್ಲ. ಎಂದಾದರೂ ಬೇಕಾದೀತೆಂದು ಹತ್ತಾರು ಲೈಬ್ರರಿ ತುಂಬಬೇಡಿ. ಮೂರು ಪ್ರಾಜೆಕ್ಟುಗಳಲ್ಲಿ ಮತ್ತೆ ಮತ್ತೆ ಕೈಯಾರೆ ಮಾಡಿದ ಕೆಲಸ ಮಾತ್ರ ಟೆಂಪ್ಲೇಟಿಗೆ ಬರಲಿ. ಟೆಂಪ್ಲೇಟನ್ನು ಗಿಟ್‌ನಲ್ಲಿಟ್ಟು, ಪ್ರತಿ ಸೆಟ್ಟಿಂಗಿನ ಪಕ್ಕ ಯಾಕೆ ಹಾಕಿದಿರಿ ಎಂದು ಒಂದು ಸಾಲು ಬರೆಯಿರಿ.

ಯಾರದೋ ಡಿಫಾಲ್ಟಿನಲ್ಲಿ ಕೆಲಸ ಮಾಡುವವನಿಗೂ, ತನ್ನ ಪ್ರತಿ ಸೆಟ್ಟಿಂಗಿಗೆ ಕಾರಣ ಹೇಳಬಲ್ಲವನಿಗೂ ಬಹಳ ಅಂತರವಿದೆ. ದೊಡ್ಡ ಕಾಲೇಜಿನ ಹೆಸರಿಲ್ಲದೆಯೂ ನೀವು ಎರಡನೆಯವರಾಗಬಹುದು. ಮುಂದಿನ ಪ್ರಾಜೆಕ್ಟ್ ಶುರುಮಾಡುವ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ.